ಓದುಗರ ಪ್ರಶ್ನೆ: ಇಂಡಿಯಾನಾದ ಕೊಲಂಬಸ್

ಪ್ರಶ್ನೆ: ಮಗ ಕಮಿನ್ಸ್ ಕೆಲಸಕ್ಕೆಂದು ಅಮೆರಿಕದ ಕೊಲಂಬಸ್‌ನಲ್ಲಿದ್ದಾನೆ. ಅಷ್ಟು ಸಣ್ಣ ಊರಲ್ಲಿ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಗಳ ಕಟ್ಟಡಗಳು ಹೇಗೆ ಬಂದವು? ಹೋದಾಗ ಏನೇನು ನೋಡಬೇಕು?
– ಓದುಗರು, ಧಾರವಾಡ

ಉತ್ತರ: ಮೊದಲು ಟಿಕೆಟ್ ವಿಷಯ. ಒಹಾಯೊ ರಾಜ್ಯದ ರಾಜಧಾನಿಯೂ ಕೊಲಂಬಸ್ಸೇ. ಅಲ್ಲಿಗೆ ಬುಕ್ ಮಾಡಬೇಡಿ. ನೀವು ಇಳಿಯಬೇಕಾದದ್ದು ಇಂಡಿಯಾನಾಪೊಲಿಸ್‌ನಲ್ಲಿ. ಊರು ಅಲ್ಲಿಂದ ದಕ್ಷಿಣಕ್ಕೆ ಸುಮಾರು 70 ಕಿ.ಮೀ., ಜನಸಂಖ್ಯೆ 50 ಸಾವಿರದ ಆಸುಪಾಸು.

ಕಮಿನ್ಸ್ ಡೀಸೆಲ್ ಎಂಜಿನ್ ಕಂಪನಿ ಇಲ್ಲೇ 1919ರಲ್ಲಿ ಹುಟ್ಟಿತು. ಎಲಿಯೆಲ್ ಸಾರಿನೆನ್ ವಿನ್ಯಾಸದ ಫಸ್ಟ್ ಕ್ರಿಶ್ಚಿಯನ್ ಚರ್ಚ್ 1942ರಲ್ಲಿ ಎದ್ದು ನಿಂತಿತು. ಊರಿನ ಸ್ವರೂಪವನ್ನೇ ಬದಲಿಸಿದ್ದು ಮಾತ್ರ ಕಂಪನಿಯ ಮುಖ್ಯಸ್ಥ ಜೆ. ಇರ್ವಿನ್ ಮಿಲ್ಲರ್ ಅವರ ಯೋಜನೆ. ಸಾರ್ವಜನಿಕ ಕಟ್ಟಡಕ್ಕೆ ಕಮಿನ್ಸ್ ಪ್ರತಿಷ್ಠಾನ ಕೊಟ್ಟ ಪಟ್ಟಿಯಿಂದ ವಾಸ್ತುಶಿಲ್ಪಿಯನ್ನು ಆರಿಸಿದರೆ ವಿನ್ಯಾಸದ ಶುಲ್ಕವನ್ನು ಪ್ರತಿಷ್ಠಾನವೇ ಭರಿಸುತ್ತಿತ್ತು; ಕಟ್ಟುವ ಖರ್ಚು ಊರಿನದೇ. ಮೊದಲ ಫಲ 1957ರ ಶ್ಮಿಟ್ ಶಾಲೆ, ಹ್ಯಾರಿ ವೀಸ್ ವಿನ್ಯಾಸ. ಶಾಲೆ, ಅಗ್ನಿಶಾಮಕ ಠಾಣೆಗಳಂಥ ದಿನಬಳಕೆಯ ಕಟ್ಟಡಗಳಿಗೂ ಇಷ್ಟು ಕಾಳಜಿ ತೋರಿದ್ದೇ ಈ ಊರಿನ ನಿಜವಾದ ಹಿರಿಮೆ ಎಂದು ನಮ್ಮ ಭಾವನೆ.

ಐ. ಎಂ. ಪೇ ಅವರ ಗ್ರಂಥಾಲಯ (1969), ಅದರ ಮುಂದಿನ, ಶಿಲ್ಪಿ ಹೆನ್ರಿ ಮೂರ್ ಅವರ ಕಮಾನು, ಎದುರಿಗೇ ಇರುವ ಫಸ್ಟ್ ಕ್ರಿಶ್ಚಿಯನ್ ಚರ್ಚ್ ಇವನ್ನು ನಡೆದೇ ನೋಡಬಹುದು. ಮಿಲ್ಲರ್ ಮನೆಗೆ ಹಾಗೇ ಹೋದರೆ ಬಿಡುವುದಿಲ್ಲ. ಪ್ರವಾಸಿ ಕೇಂದ್ರದ ಟಿಕೆಟ್ ಮೊದಲೇ ತೆಗೆಸಿ.

ಕಾಪಾಡಿಕೊಳ್ಳುವುದೇ ಈಗಿನ ಕಷ್ಟ. ಎಲಿಯೆಲ್ ಅವರ ಮಗ ಈರೊ ಸಾರಿನೆನ್ ವಿನ್ಯಾಸದ ನಾರ್ತ್ ಕ್ರಿಶ್ಚಿಯನ್ ಚರ್ಚ್‌ನಲ್ಲಿ (1964) ಸದಸ್ಯರು ಕಡಿಮೆಯಾಗಿ 2022ರಲ್ಲಿ ಆರಾಧನೆ ನಿಂತಿತು. ಕಟ್ಟಡ ಈಗ ಸಾರ್ವಜನಿಕ ಗ್ರಂಥಾಲಯದ ಪಾಲಿಗೆ ಬಂದಿದೆ.