ಪಿಂಚಣಿ ದುಡ್ಡು ತೆಗೆದುಬಿಡಲಾ ಅಂತ ಕೇಳಿದ್ದೀರಿ. ಬೇಡ

ಎಂಟು ವರ್ಷದ ಕೆಲಸ ಬಿಟ್ಟು ಬೇರೆ ಕಡೆ ಸೇರುತ್ತಿದ್ದೀರಿ. ವಯಸ್ಸಾದವರ ಪಿಂಚಣಿ, ಆಸ್ಪತ್ರೆ ಖರ್ಚು ಸರ್ಕಾರವೇ ನೋಡಿಕೊಳ್ಳಬೇಕು, ನಾನ್ಯಾಕೆ ಕಟ್ಟಲಿ, ಪಿಎಫ್ ಜೊತೆ ಸೇರಿರುವ ಪಿಂಚಣಿ ದುಡ್ಡನ್ನು ತೆಗೆದುಬಿಡಲಾ ಅಂತ ಕೇಳಿದ್ದೀರಿ. 2007ರಲ್ಲಿ ನಾನೂ ಹೀಗೇ ಮಾತಾಡುತ್ತಿದ್ದೆ.

ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್ ಆಗಿದ್ದೆ. 1998ರಲ್ಲಿ ಸೇರಿದ್ದು, ಬಿಡುವಾಗ ಒಂಬತ್ತು ವರ್ಷದ ಸರ್ವಿಸ್. ಫಾರಂ ತುಂಬಿಕೊಡುವವನು ಎರಡು ಫಾರಂ ಮುಂದಿಟ್ಟ. 19 ಪಿಎಫ್‌ಗೆ, 10ಸಿ ಪಿಂಚಣಿಗೆ. ಎರಡೂ ಒಟ್ಟಿಗೆ ಹಾಕಿ, ದುಡ್ಡು ಒಟ್ಟಿಗೆ ಬರುತ್ತೆ ಅಂದ. ಹಾಕಿದೆ.

ಈ 10ಸಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ. ಅದು ಬರೀ ದುಡ್ಡು ತೆಗೆಯುವ ಫಾರಂ ಅಲ್ಲ. ಅದರಲ್ಲೇ ಸ್ಕೀಮ್ ಸರ್ಟಿಫಿಕೇಟ್ ಅಂತ ಇನ್ನೊಂದು ಆಯ್ಕೆ ಇದೆ. ಅದನ್ನು ಕೇಳಿದರೆ ಕೈಗೆ ಕಾಸು ಬರುವುದಿಲ್ಲ, ಆದರೆ ಸರ್ವಿಸ್ ಉಳಿದು ಮುಂದಿನ ಕೆಲಸಕ್ಕೆ ಸೇರಿಕೊಳ್ಳುತ್ತದೆ. ನನಗೆ ಬಂದದ್ದು ಮೂವತ್ತು ಸಾವಿರ ಚಿಲ್ಲರೆ. ಮನೆ ಭೋಗ್ಯಕ್ಕೆ ಹೋಯಿತು.

2008ರಲ್ಲಿ ಇನ್ನೊಂದು ಕಡೆ ಸೇರಿ 2024ರಲ್ಲಿ, 58 ತುಂಬಿದಾಗ ನಿವೃತ್ತನಾದೆ. ಇಪಿಎಸ್‌ನಲ್ಲಿ, ಅಂದರೆ ಪಿಎಫ್ ಜೊತೆಗಿರುವ ಈ ಪಿಂಚಣಿ ಯೋಜನೆಯಲ್ಲಿ, ತಿಂಗಳ ಪಿಂಚಣಿ ಅಂದರೆ ಸಂಬಳ ಗುಣಿಸು ಸರ್ವಿಸ್, ಭಾಗಿಸು 70. ಸಂಬಳಕ್ಕೆ ಮಿತಿ ಇದೆ. 2014ರ ಸೆಪ್ಟೆಂಬರ್‌ಗೆ ಮುಂಚಿನ ವರ್ಷಗಳಿಗೆ 6,500, ಆಮೇಲಿನದಕ್ಕೆ 15,000. ನನಗೆ ಈಗ ಬರುತ್ತಿರುವುದು ಸುಮಾರು 2,700.

ಆ ಒಂಬತ್ತು ವರ್ಷ ಇದ್ದಿದ್ದರೆ? ಆಗ ನಾನು ದುಡಿದದ್ದು ಮೂರು, ನಾಲ್ಕು ಸಾವಿರಕ್ಕೆ. ಆದರೂ ಲೆಕ್ಕ ನಿಲ್ಲುತ್ತಿದ್ದದ್ದು 6,500ರ ಮೇಲೆ, ಯಾಕೆಂದರೆ ನೋಡುವುದು ಕೊನೆಯ 60 ತಿಂಗಳ ಸಂಬಳದ ಸರಾಸರಿ. ತಿಂಗಳಿಗೆ 835 ರೂಪಾಯಿ ಜಾಸ್ತಿ. ಅಷ್ಟೇ ಅಲ್ಲ, ಸರ್ವಿಸ್ 20 ವರ್ಷ ದಾಟಿದವರಿಗೆ ಎರಡು ವರ್ಷ ಬೋನಸ್ ಸೇರಿಸುತ್ತಾರೆ. ನನ್ನದು 16ಕ್ಕೇ ನಿಂತಿತು, ಅದೂ ಹೋಯಿತು. ಅವತ್ತು ತಗೊಂಡ ದುಡ್ಡು ನಾಲ್ಕು ವರ್ಷದೊಳಗೆ ಪಿಂಚಣಿಯಲ್ಲೇ ವಾಪಸ್ ಬರುತ್ತಿತ್ತು. ಆಮೇಲಿನದೆಲ್ಲ ಲಾಭ, ನನ್ನ ನಂತರ ಹೆಂಡತಿಗೂ ಅದರಲ್ಲಿ ಅರ್ಧ.

ಇನ್ನು ನಿಮ್ಮ ‘ನಾನ್ಯಾಕೆ ಕಟ್ಟಲಿ’. ನಿಮ್ಮ ಪಾಲಿನ 12% ಪೂರ್ತಿ ಪಿಎಫ್‌ಗೇ ಹೋಗುತ್ತದೆ, ಪಿಂಚಣಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಪಿಂಚಣಿಗೆ ಹೋಗುವುದು ಕಂಪನಿ ಪಾಲಿನಿಂದ ಸಂಬಳದ 8.33%, ಮಿತಿ ಹಾಕಿದರೆ ತಿಂಗಳಿಗೆ 1,250. ಆದರೆ ನಿಮ್ಮ ಆಫರ್ ಲೆಟರ್ ತೆಗೆದು ನೋಡಿ, ಕಂಪನಿಯ ಪಾಲನ್ನೂ ಸಿಟಿಸಿಯಲ್ಲೇ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನಲ್ಲೇ, ತೋರಿಸಿರುತ್ತಾರೆ. ಅಂದರೆ ಅದೂ ನಿಮ್ಮ ದುಡಿಮೆಯೇ, ಅಲ್ವಾ? ಕಟ್ಟಿ ಆಗಿದೆ. ಕಟ್ಟಿದ್ದನ್ನು ಬಿಟ್ಟುಕೊಡುವುದು ಬೇಡ ಅಂತಷ್ಟೇ ನಾನು ಹೇಳುವುದು.

ಸರ್ಕಾರದ ಮೇಲೆ ನನಗೂ ಸಿಟ್ಟಿದೆ. ಅದು ಪಿಂಚಣಿಗೆ ಹಾಕುವುದು ಸಂಬಳದ 1.16%. ಕನಿಷ್ಠ ಪಿಂಚಣಿ 1,000 ಅಂತ ಮಾಡಿದ್ದು 2014ರಲ್ಲಿ, 7,500 ಕೊಡಿ ಅಂತ ಪಿಂಚಣಿದಾರರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ತುಟ್ಟಿಭತ್ಯೆಯೂ ಇಲ್ಲ. ಆದರೆ ಆ ಸಿಟ್ಟಿಗೆ ನಿಮ್ಮ ಸರ್ವಿಸ್ ಕಳೆದುಕೊಂಡರೆ ಸರ್ಕಾರಕ್ಕೇನೂ ನಷ್ಟವಿಲ್ಲ.

ಆಸ್ಪತ್ರೆ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ಅದು ಒಬ್ಬೊಬ್ಬರು ಕೂಡಿಟ್ಟು ತೀರುವ ಖರ್ಚಲ್ಲ, ಮಕ್ಕಳ ತಲೆಗೆ ಕಟ್ಟುವುದೂ ಸರಿಯಲ್ಲ. ನನ್ನ ಸಂಬಳ 21,000 ದಾಟಿರಲಿಲ್ಲ, ಹಾಗಾಗಿ ಕೊನೆತನಕ ಇಎಸ್‌ಐನಲ್ಲಿದ್ದೆ, ಅದು ಕಾರ್ಮಿಕರ ಆರೋಗ್ಯ ವಿಮೆ. ಐದು ವರ್ಷ ಇದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಸಿಗುತ್ತದೆ. ನಮ್ಮ ಇಬ್ಬರ ಬಿಪಿ, ಶುಗರ್ ಮಾತ್ರೆ ಅದರಲ್ಲೇ ನಡೆಯುತ್ತಿದೆ. ಕ್ಯೂ ಇರುತ್ತದೆ, ಇರಲಿ. ದುಡಿಯುವ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಮುದುಕರನ್ನು ನೋಡಿಕೊಳ್ಳುವ ಈ ಪದ್ಧತಿ ಎಲ್ಲರಿಗೂ ಬರಬೇಕು. ಆಯುಷ್ಮಾನ್ ಕಾರ್ಡಿನಲ್ಲಿ ವಯಸ್ಸಿನ ಮೇಲೆ ಐದು ಲಕ್ಷ ಸಿಗುವುದು 70 ತುಂಬಿದ ಮೇಲೆ. 58ರಿಂದ 70ರವರೆಗೆ ಕಾಯಿಲೆ ಬರಲ್ಲ ಅಂದುಕೊಂಡಿದ್ದಾರೋ ಏನೋ.

ಹೊಸ ಕಂಪನಿಯಲ್ಲಿ ಹಳೆಯ ಯುಎಎನ್ ನಂಬರನ್ನೇ (ಪಿಎಫ್‌ನ ಕಾಯಂ ನಂಬರು) ಕೊಡಿ, ಹೊಸದು ಮಾಡಿಸಬೇಡಿ. ಹಳೆಯವರು ನೀವು ಬಿಟ್ಟ ತಾರೀಖು ಹಾಕಿದ್ದಾರಾ ಅಂತ ಪಿಎಫ್ ವೆಬ್‌ಸೈಟಿನ ಸರ್ವಿಸ್ ಹಿಸ್ಟರಿಯಲ್ಲಿ ನೋಡಿ. ಹಾಕಿಲ್ಲದಿದ್ದರೆ ಈಗಲೇ ಹಾಕಿಸಿ. ಆಮೇಲೆ ಅಲ್ಲಿ ನಿಮ್ಮ ಫೋನ್ ಎತ್ತುವವರು ಇರುವುದಿಲ್ಲ.