ಕೊಪ್ಪಳದಲ್ಲಿ ಸೆಪ್ಟೆಂಬರ್ 17ಕ್ಕೂ ರಾಷ್ಟ್ರಧ್ವಜ ಯಾಕೆ?

ನಿಮ್ಮ ಪ್ರಶ್ನೆ: "ಆಗಸ್ಟ್ 15 ಇದೆ, ಜನವರಿ 26 ಇದೆ. ಕೊಪ್ಪಳ, ರಾಯಚೂರು ಕಡೆ ಸೆಪ್ಟೆಂಬರ್ 17ಕ್ಕೆ ಮತ್ತೆ ಬಾವುಟ ಹಾರಿಸ್ತಾರಂತೆ. ದೇಶಪ್ರೇಮ ತೋರಿಸೋಕೆ ಇದು ಸ್ವಲ್ಪ ಜಾಸ್ತಿ ಆಯ್ತಲ್ವಾ?"

ನಾನು ಕೊಪ್ಪಳದವನು. ಜಾಸ್ತಿ ಅಂತ ನನಗೆ ಅನಿಸುವುದಿಲ್ಲ. 1947ರ ಆಗಸ್ಟ್ 15ರಂದು ನಮ್ಮ ಊರು ಭಾರತದಲ್ಲೇ ಇರಲಿಲ್ಲ. ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್ ಎಲ್ಲ ಹೈದರಾಬಾದ್ ನಿಜಾಮನ ಕೈಯಲ್ಲಿದ್ದವು. ಅವನು ಭಾರತಕ್ಕೆ ಸೇರಲು ಒಪ್ಪಿರಲಿಲ್ಲ. ತುಂಗಭದ್ರೆಯ ಆಚೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಅವತ್ತೇ ಬಾವುಟ ಹಾರಿತು. ಈಚೆ ದಡದಲ್ಲಿ ಅದೇ ಬಾವುಟ ಹಿಡಿದವರು ಜೈಲಿಗೆ ಹೋಗಲು ತಯಾರಾಗಿಯೇ ಮನೆಯಿಂದ ಹೊರಡಬೇಕಿತ್ತು.

ಹೀಗೆ 13 ತಿಂಗಳು ನಡೆಯಿತು. ನಿಜಾಮನ ಪರ ನಿಂತಿದ್ದ ಖಾಸಗಿ ಪಡೆಯಾದ ರಜಾಕಾರರ ಕಾಟ ತಾಳಲಾರದೆ ಎಷ್ಟೋ ಜನ ಮನೆಮಠ ಬಿಟ್ಟು ಗಡಿ ದಾಟಿದರು. ಮುಂಡರಗಿ ಆಗ ಮುಂಬೈ ಪ್ರಾಂತ್ಯದ ಊರು, ಅಂದರೆ ಭಾರತ. ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಅಲ್ಲಿ ಶಿಬಿರ ಕಟ್ಟಿದರು. ಹುಡುಗರು ಅಲ್ಲಿಂದ ಬಂದು ನಿಜಾಮನ ಠಾಣೆ, ನಾಕಾಗಳ ಮೇಲೆ ದಾಳಿ ಮಾಡಿ ವಾಪಸ್ ಹೋಗುತ್ತಿದ್ದರು. ಕೊನೆಗೆ 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. 17ಕ್ಕೆ ನಿಜಾಮ ಶರಣಾದ. ಈ ದಿನಕ್ಕೆ ಬಾವುಟ ಏರಿಸುವುದು ಇದಕ್ಕೇ.

2019ರಿಂದ ಇದು ಕಲ್ಯಾಣ ಕರ್ನಾಟಕ ಉತ್ಸವ. ಬಳ್ಳಾರಿಯಲ್ಲೂ ಮಾಡುತ್ತಾರೆ. ಅವರ ಅಜ್ಜಂದಿರು 1947ರಲ್ಲೇ ಬಾವುಟ ನೋಡಿದವರು, ಆದರೂ ಈ ಭಾಗಕ್ಕೆ ಉದ್ಯೋಗ, ಶಿಕ್ಷಣ, ಅನುದಾನದಲ್ಲಿ ವಿಶೇಷ ಪಾಲು ಕೊಡುವ ಸಂವಿಧಾನದ 371ಜೆ ವಿಧಿಯ ಪಟ್ಟಿಯಲ್ಲಿ ನಮ್ಮ ಜೊತೆ ಇದ್ದಾರಲ್ಲ, ಇರಲಿ! ಭಾಷಣಗಳೂ ಬೇಗನೆ ಆ ಕಡೆಗೇ ಹೊರಳುತ್ತವೆ: ಖಾಲಿ ಹುದ್ದೆ, ನೀರಾವರಿ, ಅನುದಾನ. ಬಾವುಟದ ಕೆಳಗೆ ನಿಂತು ಸರ್ಕಾರವನ್ನು ಲೆಕ್ಕ ಕೇಳುವುದು ನನಗಂತೂ ಇಷ್ಟ. ಬರೀ ಜೈಕಾರಕ್ಕಿಂತ ಎಷ್ಟೋ ವಾಸಿ.

ನನಗೆ ಹಿಡಿಸದ್ದು ಬೇರೆ ಇದೆ. ಕೆಲವರು ಈ ದಿನವನ್ನು ಹಿಂದೂಗಳು ಮುಸ್ಲಿಮರನ್ನು ಗೆದ್ದ ದಿನ ಅನ್ನೋ ಹಾಗೆ ವಾಟ್ಸಾಪ್‌ನಲ್ಲಿ ಹಂಚುತ್ತಾರೆ. ಸೇನೆ ಬಂದ ಮೇಲೆ ಏನೂ ಮಾಡದ ಮುಸ್ಲಿಂ ಕುಟುಂಬಗಳ ಮೇಲೂ ಸೇಡು ತೀರಿಸಿಕೊಳ್ಳಲಾಯಿತು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಊರೂರು ತಿರುಗಿ ಅದನ್ನು ಬರೆದಿಟ್ಟಿದೆ. ಇನ್ನೊಂದು ಕಡೆ, ಭಾರತಕ್ಕೆ ಸೇರಬೇಕು ಅಂತ ಬರೆದದ್ದಕ್ಕೆ ಜೀವ ಕಳೆದುಕೊಂಡವರಲ್ಲಿ ಹೈದರಾಬಾದಿನ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಕೂಡ ಒಬ್ಬರು. 1948ರ ಆಗಸ್ಟ್‌ನಲ್ಲಿ ಅವರನ್ನು ಕೊಂದರು. ಬಿಡುಗಡೆಗೆ ಇನ್ನೊಂದು ತಿಂಗಳೂ ಇರಲಿಲ್ಲ. ನಮ್ಮ ಧ್ವಜಾರೋಹಣಗಳಲ್ಲಿ ಆ ಹೆಸರು ನನ್ನ ಕಿವಿಗೆ ಬಿದ್ದಿಲ್ಲ. ಮಕ್ಕಳಿಗೆ ಭಾಷಣ ಬರೆದುಕೊಡುವ ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಸಲ ಒಂದು ಸಾಲು ಸೇರಿಸಿ ಸಾರ್.