ತರಗತಿಯಲ್ಲಿ ಹೇಳಿದಂತೆ ದಿನಾ ನೀರು ಹಾಕಿದರೂ ಟೊಮೆಟೊ ಎಲೆ ಹಳದಿ: ಪ್ರತಿಕ್ರಿಯೆ

ಬಹುಶಃ ಗೊಬ್ಬರದ ಕೊರತೆಯಲ್ಲ, ಬೇರಿಗೆ ಗಾಳಿ ಸಿಗುತ್ತಿಲ್ಲ. ಬಡಾವಣೆಯ ತಾರಸಿ ತೋಟದ ತರಗತಿಯಲ್ಲಿ ಹೇಳಿದಂತೆ ದಿನಾ ನೀರು ಹಾಕುತ್ತಿದ್ದೀರಿ, ಗ್ರೋ ಬ್ಯಾಗಿಗೆ ಬರೀ ಕೆಮ್ಮಣ್ಣು ತುಂಬಿದ್ದೀರಿ, ನೀರು ಮೇಲೆಯೇ ನಿಲ್ಲುತ್ತದೆ ಎಂದಿದ್ದೀರಲ್ಲ, ಅದೇ ಸುಳಿವು. ಬ್ಯಾಗಿನಲ್ಲಿ ಬರೀ ಕೆಮ್ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಮೊದಲು ದಿನಾ ನೀರು ಹಾಕುವುದನ್ನು ನಿಲ್ಲಿಸಿ. ಬೆರಳನ್ನು ಎರಡು ಗೆಣ್ಣು ಆಳ ಇಳಿಸಿ, ಒಳಗೆ ಒಣಗಿದ್ದರೆ ಮಾತ್ರ ಹಾಕಿ. ಆಮೇಲೆ ಬ್ಯಾಗ್ ಎತ್ತಿ ತಳದ ತೂತು ನೋಡಿ. ನೆಲಕ್ಕೆ ಅಂಟಿ ಕೂತರೆ ತೂತು ಮುಚ್ಚಿಹೋಗುತ್ತದೆ, ಬ್ಯಾಗನ್ನು ಎರಡು ಇಟ್ಟಿಗೆಗಳ ಮೇಲೆ ಇಡಿ.

ಗಿಡ ಚಿಕ್ಕದಿದ್ದರೆ ಸಂಜೆ ಹೊತ್ತು ಮಣ್ಣು ಬದಲಿಸಿ: ಕೆಮ್ಮಣ್ಣು, ಕಾಂಪೋಸ್ಟ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟನ್ನು ನೆನೆಸಿ, ಹಿಂಡಿ, ಇನ್ನೊಮ್ಮೆ ತೊಳೆದೇ ಬಳಸಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಹೂ ಬಿಟ್ಟಿದ್ದರೆ ಬೇರು ಕದಲಿಸಬೇಡಿ. ಅಂಚಿನಲ್ಲಿ ಕಡ್ಡಿಯಿಂದ ನಾಲ್ಕೈದು ಕಡೆ ಚುಚ್ಚಿ, ಮೇಲೆ ಕಾಂಪೋಸ್ಟ್ ಹರಡಿ ಸಾಕು.

ಫೋಟೋ ಇಲ್ಲದೆ ಒಂದು ವಿಷಯ ಖಚಿತವಾಗಿ ಹೇಳಲಾರೆ. ಎಲೆಯ ಮೇಲೆ ಒಂದರೊಳಗೊಂದು ಕಂದು ಉಂಗುರ ಕಂಡರೆ ಅದು ಅಂಗಮಾರಿ ರೋಗ. ಆ ಎಲೆ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಹೊಸ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣ, ಸತುವಿನಂಥ ಲಘು ಪೋಷಕಾಂಶದ ಕೊರತೆ ಇರಬಹುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವೆಜಿಟೇಬಲ್ ಸ್ಪೆಷಲ್ ಎಂಬ ಲಘು ಪೋಷಕಾಂಶದ ಮಿಶ್ರಣ ಅದಕ್ಕೇ ಇರುವುದು, ಪೊಟ್ಟಣದ ಮೇಲಿನ ಅಳತೆ ಮೀರಬೇಡಿ.

ಹಳದಿಯಾದ ಎಲೆ ಮತ್ತೆ ಹಸಿರಾಗದು, ಹೊಸ ಚಿಗುರನ್ನು ಗಮನಿಸಿ. ಅದೂ ಹಳದಿಯಾದರೆ ಒಂದು ಎಲೆ, ಒಂದು ಹಿಡಿ ಮಣ್ಣು ಮುಂದಿನ ತರಗತಿಗೆ ಒಯ್ದು ತೋರಿಸಿ.